ಹಗುರ ಕೆಲಸ

ಆರಣ್ಣ ಕಂಪನಿಯ ಗಾಡಿಯಿಂದ ಇಳಿಯುವುದನ್ನು ಟೋಪಿ ಮೇಡಮ್ ತನ್ನ ಕೋಣೆಯ ಕಿಟಕಿಯಿಂದಲೇ ನೋಡಿದಳು. ಎಂಟಕ್ಕೆ ಇನ್ನೂ ಐದು ನಿಮಿಷವಿತ್ತು. ಅವನ ಎಡಗೈ ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆಯ ಜೋಲಿಯಲ್ಲಿತ್ತು. ಬಲಗೈಯಿಂದ ಜೇಬು ತಡಕಿ, ಕಾರ್ಡು ತೆಗೆದು ಪಂಚ್ ಮಾಡಿದ. ಪಕ್ಕದಲ್ಲೇ ಗೇಟಿನ ಕಾವಲುಗಾರ ಏಣಿ ಹತ್ತಿ, ಹಸಿರು ಫಲಕದಿಂದ ತಗಡಿನ ಐದನ್ನು ಕಳಚಿ ಆರನ್ನು ಕೊಕ್ಕೆಗೆ ಸಿಕ್ಕಿಸಿದ. ಅಪಘಾತವಿಲ್ಲದ ದಿನಗಳು: 996.

"ಇನ್ನು ನಾಲ್ಕೇ ದಿನ ಅಣ್ಣ, ಹೇಗಾದ್ರೂ ತಳ್ಳಿಬಿಡು," ಅಂದ ಕಾವಲುಗಾರ ಏಣಿಯ ಮೇಲಿಂದ.

"ತಳ್ಳೋಕೆ ಎರಡು ಕೈ ಬೇಕಲ್ಲಪ್ಪ," ಅಂದ ಆರಣ್ಣ. ಇಬ್ಬರೂ ನಕ್ಕರು.

ಬಣ್ಣದ ಡಬ್ಬಗಳಿಗೆ ತಗಡಿನ ಮುಚ್ಚಳ ಒತ್ತುವ ಕಾರ್ಖಾನೆ ಅದು. ಹದಿನಾಲ್ಕು ಪ್ರೆಸ್ಸುಗಳು, ಮುನ್ನೂರ ನಲವತ್ತು ಜನ. ಆರನೇ ಪ್ರೆಸ್ಸಿನ ಮುಂದೆ ಹತ್ತೊಂಬತ್ತು ವರ್ಷ ನಿಂತವನಿಗೆ ಆರಣ್ಣ ಎಂಬ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ ಅವನ ಹೆಂಡತಿಯೂ ಗೇಟಿನಲ್ಲಿ ಹಾಗೇ ಕೇಳುತ್ತಿದ್ದಳು. ಇನ್ನು ಟೋಪಿ ಮೇಡಮ್ ಎಂದರೆ ಅಲ್ಲಿನ ಎಚ್‌ಆರ್ ಮುಖ್ಯಸ್ಥೆ. ರಸಾಯನಶಾಸ್ತ್ರ ಓದಿ, ಬಣ್ಣದ ಲೇಪ ಪರೀಕ್ಷಿಸುವ ಪ್ರಯೋಗಾಲಯಕ್ಕೆ ಸೇರಿದವಳು. ಒಮ್ಮೆ ಕಣ್ಣೆದುರೇ ಒಬ್ಬನ ತಲೆ ಒಡೆದದ್ದನ್ನು ಕಂಡು ಸುರಕ್ಷತೆಯ ಕೆಲಸ ಕೇಳಿ ತೆಗೆದುಕೊಂಡಳು. ಒಂದು ತಿಂಗಳು ಬೆಳಿಗ್ಗೆ ಗೇಟಿನಲ್ಲಿ ನಿಂತು, ಬಂದವರ ತಲೆಗೆಲ್ಲ ತಾನೇ ಹೆಲ್ಮೆಟ್ಟು ಇಟ್ಟು ಒಳಗೆ ಬಿಟ್ಟಳು. "ಎಲ್ಲರಿಗೂ ಟೋಪಿ ಹಾಕೋಕೆ ಸಂಬಳ ಕೊಡೋ ಕಂಪನಿ ಇದೊಂದೇ ನೋಡು," ಎಂದು ಯಾರೋ ಅಂದದ್ದು ಹೆಸರಾಗಿ ಉಳಿಯಿತು. ಅವಳು ಬೇಜಾರು ಮಾಡಿಕೊಂಡಿರಲಿಲ್ಲ. ಅಲ್ಲಿಂದ ಮೇಲಕ್ಕೆ ಬಂದು ಇಡೀ ವಿಭಾಗವನ್ನೇ ನೋಡಿಕೊಳ್ಳುವವಳಾದಳು. ಈಗ ಅವಳ ಮೇಜಿನ ಮೇಲೆ ಒಂದು ದಪ್ಪ ಹಾಳೆ ಕಾಯುತ್ತಿತ್ತು. ಸಾವಿರ ದಿನ ಈ ಕಾರ್ಖಾನೆಯಲ್ಲಿ ಅಪಘಾತವಾಗಿಲ್ಲ ಎಂದು ದೃಢೀಕರಿಸುವ ಪತ್ರ. ಕೆಳಗೆ ಅವಳ ಸಹಿಗೆ ಜಾಗ. ಸಹಿ ಬಿದ್ದರೆ ದೊಡ್ಡ ಗ್ರಾಹಕರು ಬಂದು ಪ್ರಶಸ್ತಿ ಫಲಕ ಕೊಡುತ್ತಾರೆ, ಎಲ್ಲರಿಗೂ ಮೂರು ದಿನ ಸಂಬಳದ ರಜೆ, ಅವಳಿಗೆ ಗುಂಪಿನ ಏಳೂ ಕಾರ್ಖಾನೆಗಳ ಅಧಿಕಾರ.

ಆರಣ್ಣ ಬಾಗಿಲಲ್ಲಿ ನಿಂತ.

"ಬನ್ನಿ, ಕೂತ್ಕೊಳ್ಳಿ. ಕೈ ಹೇಗಿದೆ?"

"ಇದೆ ಮೇಡಮ್. ಇರೋವಷ್ಟು ಇದೆ."

"ಅಂದ್ರೆ?"

"ಎರಡು ಬೆರಳ ತುದಿ ಹೋಯ್ತಲ್ಲ. ಮೊದಲ ಗೆಣ್ಣಿನ ತನಕ. ಸಾಹೇಬ್ರು ನಿಮಗೆ ಫೋನ್ ಮಾಡಿದ್ರಂತೆ?"

ಮಾಡಿದ್ದರು. ಉತ್ಪಾದನೆಯ ಮ್ಯಾನೇಜರು, ಬೆನ್ನ ಹಿಂದೆ ಎಲ್ಲರ ಬಾಯಲ್ಲೂ 'ಗಡಿಯಾರ', ಹಿಂದಿನ ಸಂಜೆ ಫೋನಿನಲ್ಲಿ ಹೇಳಿದ್ದು 'ಬೆರಳಿಗೆ ಸ್ವಲ್ಪ ತರಚಿದೆ, ನಾಳೆ ಹಗುರ ಕೆಲಸಕ್ಕೆ ಕಳಿಸ್ತೀನಿ' ಎಂದಷ್ಟೇ. ಅವಳು ಸರಿ ಅಂದಿದ್ದಳು.

"ಆಸ್ಪತ್ರೆಯಿಂದ ಯಾವಾಗ ಬಿಟ್ರು?"

"ಬಿಟ್ಟಿಲ್ಲ ಮೇಡಮ್. ಗಾಡಿ ಬಂತು, ಹತ್ತಿ ಬಂದೆ. ಶಿಫ್ಟ್ ಮುಗಿದ ಮೇಲೆ ವಾಪಸ್ ಬಿಡ್ತಾರಂತೆ. ಹಾಸಿಗೆ ಹಾಗೇ ಇಟ್ಟಿರಿ ಅಂತ ನರ್ಸಮ್ಮಂಗೆ ಹೇಳಿದೀನಿ."

"ಯಾಕೆ ಬಂದ್ರಿ?"

"ಮುನ್ನೂರ ನಲವತ್ತು ಜನರ ರಜೆ ಮೇಡಮ್. ನನ್ನ ಎರಡು ಉಗುರಿಗೋಸ್ಕರ ಕೆಟ್ಟಿತು ಅಂದ್ರೆ ನಾಳೆ ನನ್ನ ಮುಖ ನೋಡ್ತಾರಾ? ನನ್ನ ಭಾವಮೈದ ಪ್ಯಾಕಿಂಗ್‌ನಲ್ಲಿದಾನೆ, ರೈಲು ಟಿಕೆಟ್ ಬೇರೆ ತಗೊಂಡು ಕೂತಿದಾನೆ." ಅವನು ಮೇಜಿನ ಮೇಲಿದ್ದ ಲಕೋಟೆಗಳ ಕಟ್ಟನ್ನು ಬಲಗೈಯಿಂದ ಹತ್ತಿರಕ್ಕೆ ಎಳೆದುಕೊಂಡ. "ಏನಾದ್ರೂ ಕೊಡಿ. ಸುಮ್ನೆ ಕೂತ್ರೆ ಇಲ್ಲದ ಬೆರಳೇ ಜಾಸ್ತಿ ನೋಯುತ್ತೆ."

ಲಕೋಟೆ ಜೋಡಿಸುತ್ತಿದ್ದವನ ಹಣೆಯ ಮೇಲೆ ಬೆವರು. ಕೋಣೆಯಲ್ಲಿ ಸೆಕೆ ಇರಲಿಲ್ಲ. ಅವಳು ಗಾಡಿ ಕರೆಸಿ, ಗೇಟಿನ ಪುಸ್ತಕದಲ್ಲಿ 'ಗಾಯಾಳು, ಆಸ್ಪತ್ರೆಗೆ' ಎಂದು ತನ್ನ ಕೈಯಿಂದಲೇ ಬರೆದು ಕಳಿಸಿದಳು. ಗಾಡಿ ಹತ್ತುವಾಗ ಅವನು ಕೇಳಿದ್ದು ಒಂದೇ: "ಪಂಚ್ ಆಗಿದೆಯಲ್ಲ ಮೇಡಮ್, ಇವತ್ತಿನ ಹಾಜರಿ ಉಳಿಯುತ್ತೆ ತಾನೇ?"

ಹಗುರ ಕೆಲಸದ ನಿಯಮ ಬರೆದವಳು ಅವಳೇ. ಹನ್ನೊಂದು ವರ್ಷದ ಹಿಂದೆ ಗಾಯವಾದವನು ಮನೆಯಲ್ಲಿ ಕೂತರೆ ಸಂಬಳ ಹೋಗುತ್ತಿತ್ತು. ಅದಕ್ಕೇ ಜನ ಸುಟ್ಟ ಕೈಯಲ್ಲೇ ಪ್ರೆಸ್ಸಿಗೆ ನಿಲ್ಲುತ್ತಿದ್ದರು. ಗಾಯವಾದವನು ಕೂತು ಮಾಡುವಂಥ ಕೆಲಸ ಮಾಡಲಿ, ಪೂರ್ತಿ ಸಂಬಳ ಪಡೆಯಲಿ ಎಂದು ಎರಡು ಪುಟ ಬರೆದು, ಆಗಿನ ಯಜಮಾನರ ಹಿಂದೆ ಬಿದ್ದು ಸಹಿ ಮಾಡಿಸಿಕೊಂಡಿದ್ದಳು. ಅವಳ ವೃತ್ತಿಯಲ್ಲಿ ಅವಳಿಗೆ ತುಂಬ ಹೆಮ್ಮೆಯ ಎರಡು ಪುಟ. ಹಸಿರು ಫಲಕ ಬಂದದ್ದು ಎಷ್ಟೋ ಆಮೇಲೆ. ಅದರ ಲೆಕ್ಕದಲ್ಲಿ ಅಪಘಾತ ಎಂದರೆ ಯಾರಾದರೂ ಒಂದು ದಿನವಾದರೂ ಕೆಲಸಕ್ಕೆ ಬರಲಾಗದಂಥ ಗಾಯ. ಎರಡು ದ್ರವ ಬೇರೆ ಬೇರೆ ಸೀಸೆಯಲ್ಲಿದ್ದರೆ ಒಂದಕ್ಕೊಂದು ಸಂಬಂಧವಿಲ್ಲ. ಒಂದೇ ಪಾತ್ರೆಗೆ ಸುರಿದರೆ ಉಸಿರು ಕಟ್ಟುವ ಹೊಗೆ. ಗಾಯಾಳುವನ್ನು ಹೊತ್ತು ತಂದಾದರೂ ಪಂಚ್ ಮಾಡಿಸಿದರೆ ಅಪಘಾತವೇ ಆಗಲಿಲ್ಲ ಎಂದಾಗುತ್ತದೆ. ರಸಾಯನಶಾಸ್ತ್ರ ಓದಿದವಳಿಗೆ ಇದು ಮೊದಲ ದಿನವೇ ಮೂಗಿಗೆ ಬಡಿಯಬೇಕಿತ್ತು.

ಅವಳು ಹೆಲ್ಮೆಟ್ಟು ಹಾಕಿಕೊಂಡು ಕೆಳಗಿಳಿದಳು.

ಆರನೇ ಪ್ರೆಸ್ಸು ಆಗಲೇ ಓಡುತ್ತಿತ್ತು. ಹಳೆಯ ಯಂತ್ರ, ಎಡಕ್ಕೊಂದು ಬಲಕ್ಕೊಂದು ಗುಂಡಿ. ಎರಡನ್ನೂ ಎರಡು ಕೈಯಿಂದ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು, ಆಗ ಅಚ್ಚಿನ ಕೆಳಗೆ ಕೈ ಇರುವ ಪ್ರಶ್ನೆಯೇ ಇಲ್ಲ. ಅದನ್ನು ಹಾಗೆ ಮಾಡಿದ್ದೇ ಅದಕ್ಕೆ. ಆದರೆ ಎಡಗಡೆಯ ಗುಂಡಿಯ ಮೇಲೆ ಒಂದು ಮರದ ತುಂಡು ಬೆಣೆಯ ಹಾಗೆ ಕೂತು ಅದನ್ನು ಸದಾ ಒತ್ತಿ ಹಿಡಿದಿತ್ತು. ಹೊಸ ಆಪರೇಟರು ಬಲಗೈಯಿಂದ ಗುಂಡಿ ಒತ್ತುತ್ತಿದ್ದ, ಎಡಗೈಯಿಂದ ಮುಚ್ಚಳ ಎಳೆಯುತ್ತಿದ್ದ. ಒತ್ತು, ಎಳೆ. ಒತ್ತು, ಎಳೆ.

ಯಂತ್ರ ನಿಲ್ಲಿಸಿ ಅವಳು ತುಂಡನ್ನು ಕಿತ್ತು ನೋಡಿದಳು. ಯಾರೋ ಸೋಮಾರಿ ಸಿಕ್ಕಿದ್ದನ್ನು ತುರುಕಿದ್ದಾನೆ ಎಂದುಕೊಂಡವಳಿಗೆ ಆಶ್ಚರ್ಯ. ಒಳ್ಳೆಯ ಮರ. ಅಂಚುಗಳನ್ನು ಉಜ್ಜಿ ನುಣುಪು ಮಾಡಿದೆ. ಗುಂಡಿಗೆ ಗೀರಾಗದಂತೆ ಕೆಳಗೆ ಬಟ್ಟೆ ಅಂಟಿಸಿದೆ. ಮೇಲೆ ಕೆಂಪು ಬಣ್ಣದಲ್ಲಿ ಅಚ್ಚುಕಟ್ಟಾಗಿ ಬರೆದಿದೆ: 6. ಏಳನೆಯದರಲ್ಲಿ 7. ಹನ್ನೊಂದನೆಯದರಲ್ಲಿ 11.

ಬಡಗಿ ತನ್ನ ಮೂಲೆಯಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮುದುಕ.

"ಇದು ನಿಮ್ಮ ಕೈಕೆಲಸವಾ?"

ಅವನು ತುಂಡನ್ನು ತಿರುಗಿಸಿ ನೋಡಿದ. "ನಂದೇ ತಾಯಿ. ಮೊದಲು ಅವರವರೇ ಕಡ್ಡಿ ಗಿಡ್ಡಿ ಸಿಗಿಸ್ಕೊಳ್ತಿದ್ರು, ಜಾರಿ ಬೀಳೋದು. ಸಾಹೇಬ್ರು ಬಂದು, ಎಲ್ಲಾ ಒಂದೇ ಅಳತೇಲಿ ಮಾಡ್ಕೊಡು ಅಂದ್ರು. ಮಾಡ್ಕೊಟ್ಟೆ."

"ಯಾಕೆ ಅಂತ ಕೇಳಲಿಲ್ವಾ?"

"ಬಡಗಿ ಯಾಕೆ ಅಂತ ಕೇಳಿದ್ರೆ ಬಾಗಿಲು ಆಗೋದ್ಯಾವಾಗ, ಮನೆ ಸೇರೋದ್ಯಾವಾಗ." ಒಂದು ಮೊಳೆ ಬಾಯಿಂದ ತೆಗೆದು ಮೆಲ್ಲನೆ ಅಂದ, "ನಿಮಗೆ ಗೊತ್ತಿದೆ ಅಂದ್ಕೊಂಡಿದ್ವಿ ಮೇಡಮ್. ಗೊತ್ತಿಲ್ಲದಿರೋದು ಹೇಗೆ, ನಂಬರು ಬೇರೆ ಹಾಕಿದೆ."

ಗೊತ್ತಿಲ್ಲದಿರುವುದು ಹೇಗೆ ಎಂಬುದನ್ನು ಅವಳು ಮಧ್ಯಾಹ್ನದವರೆಗೂ ಕಾಗದಗಳಲ್ಲಿ ಹುಡುಕಿದಳು. ಸಿಕ್ಕಿತು. ಅವಳು ತಪಾಸಣೆಗೆ ಹೋಗುತ್ತಿದ್ದದ್ದು ತಿಂಗಳ ಮೊದಲ ಸೋಮವಾರ, ಹತ್ತೂವರೆಗೆ. ಎಂದೂ ತಪ್ಪಿಸದೆ, ಎಂದೂ ದಿನ ಬದಲಿಸದೆ. ಅಷ್ಟು ಶಿಸ್ತಿನ ತಪಾಸಣೆಗೆ ಹೆದರುವವರು ಯಾರು? ಹತ್ತೂಕಾಲಿಗೆ ಹದಿನಾಲ್ಕು ತುಂಡುಗಳೂ ಡ್ರಾಯರು ಸೇರುತ್ತಿದ್ದವು. ಇವತ್ತು ಬುಧವಾರ.

ಆಮೇಲೆ ಪ್ರಥಮ ಚಿಕಿತ್ಸೆಯ ಕಪಾಟಿನ ಪುಸ್ತಕ ತರಿಸಿದಳು. ಫಲಕ ಬರುವ ಮುಂಚಿನ ವರ್ಷ ದಾಖಲಾದ ಸಣ್ಣ ದೊಡ್ಡ ಗಾಯ ಅರವತ್ತೆರಡು; ಆ ವರ್ಷ ಖರ್ಚಾದ ಬ್ಯಾಂಡೇಜು ನಾಲ್ಕುನೂರ ಹತ್ತು ಸುರುಳಿ. ಕಳೆದ ವರ್ಷ ಗಾಯ ಸೊನ್ನೆ. ಬ್ಯಾಂಡೇಜು ನಾಲ್ಕುನೂರ ಮೂವತ್ತು. ಸುಟ್ಟಗಾಯದ ಮುಲಾಮು ಸ್ವಲ್ಪ ಜಾಸ್ತಿಯೇ. ಪಾತ್ರೆಯೊಳಗೆ ಹಾಕಿದ್ದು ಒಂದಲ್ಲ ಒಂದು ರೂಪದಲ್ಲಿ ಪೂರ್ತಿ ಹೊರಬರಲೇಬೇಕು, ಇಲ್ಲದಿದ್ದರೆ ಪಾತ್ರೆ ಎಲ್ಲೋ ಸೋರುತ್ತಿದೆ ಎಂದು ಕಾಲೇಜಿನಲ್ಲಿ ಅವಳಿಗೆ ಕಲಿಸಿದ್ದರು. ನಾಲ್ಕುನೂರ ಮೂವತ್ತು ಸುರುಳಿ ಬಟ್ಟೆ ಯಾವ ಗಾಯಕ್ಕೂ ಸುತ್ತದೆ ಎಲ್ಲಿಗೆ ಹೋಯಿತು? ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ ಎನ್ನುತ್ತಾರೆ. ಅವಳು ಮೂರು ವರ್ಷದಿಂದ ಆ ಅಂಗೈಯನ್ನು ಮುಚ್ಚಿಕೊಂಡೇ ಕೂತಿದ್ದಳು.

ಸಂಜೆ ನಿರ್ದೇಶಕರ ಕೋಣೆಯಲ್ಲಿ ಗಡಿಯಾರವೂ ಇದ್ದ.

"ಆರನೇ ಪ್ರೆಸ್ಸನ್ನು ಇಪ್ಪತ್ತೆರಡು ನಿಮಿಷ ನಿಲ್ಲಿಸಿದ್ರಂತೆ," ಅಂದ ಅವನು, ಅವಳು ಕೂರುವ ಮೊದಲೇ.

"ಬೆರಳು ಹೋದಾಗ ಎಷ್ಟು ನಿಮಿಷ ನಿಲ್ಲಿಸಿದ್ರಿ?"

"ಒಂಬತ್ತು. ತೊಳೀಬೇಕಿತ್ತಲ್ಲ." ಹೇಳಿದ ಮೇಲೆ ಅವನಿಗೇ ಒಂಥರಾ ಆಯಿತು. ಮಾತು ತಿರುಗಿಸಿ ಅಂದ, "ನೋಡಿ ಮೇಡಮ್, ನಾನು ನಿಯಮ ಮುರಿದಿಲ್ಲ. ನೀವೇ ಬರೆದ ನಿಯಮ. ಗಾಯಾಳು ಕೆಲಸಕ್ಕೆ ಬಂದಿದಾನೆ, ಪಂಚ್ ಮಾಡಿದಾನೆ, ದಿನ ನಷ್ಟ ಆಗಿಲ್ಲ. ಅದರಲ್ಲಿ ಎಲ್ಲಿದೆ ತಪ್ಪು, ಬೆರಳಿಟ್ಟು ತೋರಿಸಿ."

"ಬೆರಳಿದ್ದೋರು ತೋರಿಸ್ಬೇಕು," ಅಂದಳು ಅವಳು.

ನಿರ್ದೇಶಕರು ಇಬ್ಬರ ನಡುವೆ ಕೈ ಚಾಚಿದರು. ಅಪ್ಪನ ಕಾಲದ ಕುರ್ಚಿಯಲ್ಲಿ ಕೂತ ಮಗ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವುದು ಅವರಿಗೆ ಬರುತ್ತಿತ್ತು. "ಮೇಡಮ್, ನೀವು ಹೇಳೋದು ಸರಿ. ಆ ತುಂಡುಗಳನ್ನು ತೆಗೆಸೋಣ. ಐದನೇ ದಿನ ಬೆಳಿಗ್ಗೆ ನಾನೇ ನಿಂತು ತೆಗೆಸ್ತೀನಿ. ಆರಣ್ಣನ್ನ ಇನ್ನು ಮೂರು ದಿನ ಗಾಡೀಲಿ ಕರೆಸಿ, ನಿಮ್ಮ ಕೋಣೇಲಿ ಮಂಚ ಬೇಕಾದ್ರೂ ಹಾಕ್ಸೋಣ. ನೀವು ಏಳು ಕಾರ್ಖಾನೆಗೆ ಹೋಗ್ತೀರಿ. ಅಲ್ಲಿ ಕೂತು ಎಷ್ಟು ಕೈ ಉಳಿಸಬಹುದು, ಯೋಚ್ನೆ ಮಾಡಿ. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು. ಒಂದು ಸಹಿ ಅಷ್ಟೇ."

ಆ ಮಾತಿನಲ್ಲಿ ತೂಕವಿತ್ತು. ಏಳು ಕಾರ್ಖಾನೆ ಎಂದರೆ ಎರಡೂವರೆ ಸಾವಿರ ಜನ, ಐದು ಸಾವಿರ ಕೈ. ಅವಳು ಅದನ್ನು ಸುಮ್ಮನೆ ತಳ್ಳಿಹಾಕಲಿಲ್ಲ. "ನಾಳೆ ಹೇಳ್ತೀನಿ," ಎಂದು ಎದ್ದು ಬಂದಳು.

ಮನೆಯಲ್ಲಿ ಅತ್ತೆ ಊಟದ ಮೇಜಿನ ಮೇಲೆ ಬೀನ್ಸ್ ಹೆಚ್ಚುತ್ತಿದ್ದರು. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡು ನೋಡಿಕೊಂಡ ನರ್ಸು. ಈಗಲೂ ಬೀನ್ಸನ್ನು ಗಾಯಕ್ಕೆ ಹಾಕುವ ಹೊಲಿಗೆಯ ಅಳತೆಯಲ್ಲೇ ಕತ್ತರಿಸುತ್ತಿದ್ದರು. ಗಂಡ ಶಾಲೆಯ ಉತ್ತರ ಪತ್ರಿಕೆಗಳ ರಾಶಿಯ ಹಿಂದಿನಿಂದ ತಲೆ ಎತ್ತಿ, ಅವಳ ಮುಖ ನೋಡಿ, ಮತ್ತೆ ರಾಶಿಯ ಹಿಂದೆ ಸೇರಿಕೊಂಡ. ಮದುವೆಯಾಗಿ ಹದಿನಾರು ವರ್ಷವಾದ ಗಂಡನಿಗೆ ಇರಬೇಕಾದ ಬುದ್ಧಿ ಅವನಿಗಿತ್ತು.

ಅವಳು ಎಲ್ಲ ಹೇಳಿದಳು. ಅತ್ತೆ ಚಾಕು ನಿಲ್ಲಿಸಲಿಲ್ಲ.

"ಎರಡನೇ ದಿನವಾ? ಜ್ವರ ಇತ್ತಾ?"

"ಇದ್ದ ಹಾಗಿತ್ತು ಅತ್ತೆ."

"ಇರುತ್ತೆ. ಕೈ ದಿಂಬಿನ ಮೇಲೆ ಎತ್ತಿಟ್ಟು ಮಲಗಿಸೋ ದಿನ ಅದು. ನೀನು ಲಕೋಟೆ ಜೋಡಿಸೋಕೆ ಕೂರಿಸಿದ್ದೀಯ."

"ನಾನು ಕೂರಿಸಲಿಲ್ಲ..."

"ಕುರ್ಚಿ ಯಾರದು?"

ಅತ್ತೆ ಹೆಚ್ಚಿದ್ದನ್ನೆಲ್ಲ ಪಾತ್ರೆಗೆ ಸರಿಸಿ, ಕೈ ಒರೆಸಿಕೊಂಡರು. "ಮೂರು ವರ್ಷದಿಂದ ನಿಮ್ಮಲ್ಲಿ ಯಾರಿಗೂ ಒಂದು ಗೀರೂ ಆಗಿಲ್ಲ ಅಂತ ನೀನು ಹೇಳ್ದಾಗೆಲ್ಲ ನಂಗೆ ನಗು ಬರೋದು. ಆಸ್ಪತ್ರೇಲೇ ಜನ ಜಾರಿ ಬೀಳ್ತಾರೆ. ಸೊಸೆ ಖುಷಿಯಾಗಿದಾಳೆ, ಇರಲಿ ಅಂತ ಬಾಯಿ ಬಿಡಲಿಲ್ಲ." ಚಾಕು ಒರೆಸಿ ಬದಿಗಿಟ್ಟರು. "ನಮ್ಮಲ್ಲೂ ಒಬ್ಬ ದೊಡ್ಡ ಡಾಕ್ಟ್ರು ಇದ್ದ. ಉಳಿಯಲ್ಲ ಅಂತ ಗೊತ್ತಾದೋರನ್ನ ಸಂಜೆ ಡಿಸ್ಚಾರ್ಜ್ ಮಾಡಿಸ್ತಿದ್ದ. ಮನೇಲಿ ಹೋದ್ರೆ ವಾರ್ಡಿನ ಲೆಕ್ಕಕ್ಕೆ ಬರಲ್ಲವಲ್ಲ. ನಮ್ಮ ವಾರ್ಡಿಗೆ ಬಹುಮಾನ ಬಂತು. ಆ ಚೀಟಿ ನಾನೂ ಬರ್ದಿದೀನಿ. ಮೂರು ಸಲ."

"ಆಮೇಲೆ ಏನಾಯ್ತು?"

"ಏನೂ ಆಗಲಿಲ್ಲ ಕಣಮ್ಮಾ. ಒಬ್ರೂ ಬಂದು ಕೇಳಲಿಲ್ಲ. ಮೊದಲ್ನೇ ಸಲ ಕೈ ನಡುಗ್ತು, ಮೂರನೇ ಸಲ ನಡುಗಲೇ ಇಲ್ಲ." ಬೀನ್ಸಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೊರಟರು. "ಏಳು ಕಾರ್ಖಾನೆಗೆ ಹೋಗಿ ಮಾಡ್ತೀನಿ ಅಂತೀಯಲ್ಲ. ಇಲ್ಲಿ ಮಾಡಿದ ಸಹಿ ತಗೊಂಡೇ ಹೋಗೋದು ನೀನು. ಕಾಫಿ ಕುಡೀತೀಯಾ?"

ಗುರುವಾರ ಬೆಳಿಗ್ಗೆ ಏಳೂವರೆಗೆಲ್ಲ ಅವಳು ಗೇಟಿನಲ್ಲಿದ್ದಳು. ಕೈಯಲ್ಲಿ ಕಾರ್ಖಾನೆ ತನಿಖಾಧಿಕಾರಿಗಳ ಕಚೇರಿಗೆ ಕಳಿಸುವ ಅಪಘಾತ ವರದಿಯ ನಕಲು. ಮೂಲ ಪ್ರತಿಯನ್ನು ದಾರಿಯಲ್ಲೇ ಅಂಚೆಗೆ ಹಾಕಿ ಬಂದಿದ್ದಳು. ಆಸ್ಪತ್ರೆಗೆ ಹೊರಟಿದ್ದ ಗಾಡಿಯನ್ನು ತಡೆದು ಚಾಲಕನನ್ನು ಇಳಿಸಿದಳು. ಕಾವಲುಗಾರ ತಗಡಿನ ಏಳನ್ನು ಹಿಡಿದು ಏಣಿ ಹತ್ತಿದ, ಸಿಕ್ಕಿಸಿದ, ಇಳಿದ.

"ಈಗ ಏಣಿ ಹಿಡ್ಕೊಳ್ಳಿ," ಅಂದಳು.

"ಯಾರಿಗೆ ಮೇಡಮ್?"

"ನನಗೆ."

ಎರಡು ಒಂಬತ್ತು ಕಳಚಿದಳು, ಆಗಷ್ಟೇ ಬಂದ ಏಳನ್ನೂ ಕಳಚಿದಳು. ಸೊನ್ನೆ ಸಿಕ್ಕಿಸಲು ಕೊಕ್ಕೆ ಸಣ್ಣದಾಗಿ ಸ್ವಲ್ಪ ಹೊತ್ತು ಹಿಡಿಯಿತು. ಇಳಿಯುವಷ್ಟರಲ್ಲಿ ಶಿಫ್ಟಿಗೆ ಬಂದವರೆಲ್ಲ ಅಲ್ಲೇ ನಿಂತುಬಿಟ್ಟಿದ್ದರು. ಯಾರೂ ಒಳಗೆ ಹೋಗಲಿಲ್ಲ.

"ಇದೇನು ಮೇಡಮ್ ತಮಾಷೆ?" ಆರಣ್ಣನ ಭಾವಮೈದ ಮುಂದೆ ಬಂದ. "ಮೂರು ದಿನ ಇತ್ತು. ಮೂರೇ ದಿನ. ರೈಲು ಟಿಕೆಟ್ ವಾಪಸ್ ಮಾಡ್ಸೋಕೆ ನೀವು ಬರ್ತೀರಾ?"

"ನಿಮ್ಮಕ್ಕನ ಗಂಡನ ಬೆರಳು ಹೋಗಿದೆ."

"ಹೋಗಿದ್ದು ಹೋಯ್ತು. ಸೊನ್ನೆ ಹಾಕಿದ್ರೆ ಮೊಳೆಯುತ್ತಾ? ಅವನೇ ಬರ್ತೀನಿ ಅಂದಿದಾನೆ, ನಿಮ್ಮದೇನು ಗಂಟು ಹೋಗೋದು?"

"ಮೇಲೆ ಕೂತೋರಿಗೆ ರಜಾ ಇದ್ದೇ ಇರುತ್ತೆ ಬಿಡು," ಎಂದಿತು ಹಿಂದಿನಿಂದ ಒಂದು ದನಿ. "ನಮಗೆ ಸರಿಯಾಗೇ ಹಾಕಿದ್ರು ಟೋಪಿ," ಎಂದಿತು ಇನ್ನೊಂದು. ನಗು ಬಂತು, ಒಳ್ಳೆಯ ನಗುವಲ್ಲ.

"ಹೌದು, ಹಾಕಿದೆ," ಅಂದಳು ಅವಳು. ದನಿ ಎತ್ತಲಿಲ್ಲ. "ಹಗುರ ಕೆಲಸ ಅಂತ ನಿಯಮ ಬರ್ದೋಳು ನಾನು. ನಿಮಗೆ ಸಂಬಳ ತಪ್ಪಬಾರ್ದು ಅಂತ ಬರ್ದೆ. ಅದನ್ನ ಇಟ್ಕೊಂಡು ಗಾಯ ಮುಚ್ಚಿದ್ರು, ನಾನು ನೋಡಲಿಲ್ಲ. ಸಂಬಳ ಇನ್ನೂ ತಪ್ಪಲ್ಲ, ಅದು ಹಾಗೇ ಇರುತ್ತೆ. ಆದ್ರೆ ಇನ್ನು ಮುಂದೆ ಗಾಯ ಅಂದ್ರೆ ಗಾಯ. ರಜೆ ಹೋಯ್ತು, ನನ್ನಿಂದಲೇ ಹೋಯ್ತು. ಬೈಯ್ಯೋರು ಬೈಯಿರಿ. ಒಂದು ಮಾತು ಮಾತ್ರ ಕೇಳ್ತೀನಿ. ಈ ಮೂರು ವರ್ಷದಲ್ಲಿ ಆ ಹಗುರ ಕೆಲಸದ ಕುರ್ಚಿಯಲ್ಲಿ ಕೂತೋರು ಎಷ್ಟು ಜನ?"

ಒಬ್ಬರ ಮುಖ ಒಬ್ಬರು ನೋಡಿದರು. ಎಂಟರ ಸೈರನ್ನು ಕೂಗಿ ನಿಂತಿತು.

"ನಾನು ಕೂತಿದೀನಿ." ಪ್ಯಾಕಿಂಗ್ ವಿಭಾಗದ ದಪ್ಪ ಹೆಂಗಸು, ಎಲ್ಲರಿಗೂ ಅಕ್ಕ. "ಕಾಲಿನ ಮೇಲೆ ಪೆಟ್ಟಿಗೆ ಬಿತ್ತು. ಹನ್ನೊಂದು ದಿನ. ಪೆನ್ಸಿಲ್ ಚೂಪು ಮಾಡ್ತಾ ಕೂತಿದ್ದೆ. ಕೊನೇಗೆ ಪೆನ್ಸಿಲ್ಲೇ ಖಾಲಿಯಾಗಿ, ಮಾಡಿದ್ದನ್ನೇ ಮತ್ತೆ ಮಾಡಿದೆ."

ಯಾರೋ ಕಿಸಕ್ಕೆಂದರು.

"ನಗ್ಬೇಡ್ರಪ್ಪ. ನಂಗೆ ಗುಂಡುಸೂಜಿ ಎಣಿಸೋಕೆ ಕೊಟ್ಟಿದ್ರು," ಅಂದ ಮೂರನೇ ಪ್ರೆಸ್ಸಿನವನು. "ಎಣಿಸಿ ಹೇಳಿದ್ರೆ, ಸರಿ ಇದೆಯಾ ಇನ್ನೊಂದು ಸಲ ನೋಡು ಅಂದ್ರು. ಮೂರು ದಿನ ನೋಡ್ದೆ."

"ನಾನು ಕ್ಯಾಲೆಂಡರ್ ಮುಂದೆ ಕೂತಿದ್ದೆ, ಏನೂ ಕೊಡಲಿಲ್ಲ," ಅಂದ ಬಣ್ಣದ ಟ್ಯಾಂಕಿನವನು. "ಕಣ್ಣಿಗೆ ಪಟ್ಟಿ ಕಟ್ಟಿದ್ರಲ್ಲ, ಇನ್ನೇನು ಕೊಡ್ತಾರೆ."

ಈ ಸಲ ನಗು ಅರ್ಧಕ್ಕೇ ನಿಂತಿತು. ಆರಣ್ಣನ ಭಾವಮೈದ ತನ್ನ ಬೂಟು ನೋಡಿಕೊಳ್ಳುತ್ತಿದ್ದ. "ನೀನೂ ಕೂತಿದ್ದೆಯಲ್ಲೋ," ಎಂದು ಅಕ್ಕ ಅವನ ಪಕ್ಕೆ ತಿವಿದಳು. "ಹೋದ ವರ್ಷ, ಸೊಂಟ."

"ಎರಡೇ ದಿನ," ಎಂದು ಗೊಣಗಿದ.

"ದಿನಾಂಕ ನೆನಪಿದೆಯಾ?" ಎಂದು ಕೇಳಿ ಟೋಪಿ ಮೇಡಮ್ ಚೀಲದಿಂದ ಹೊಸ ರಿಜಿಸ್ಟರು ತೆಗೆದಳು.

ಹತ್ತು ಗಂಟೆಯ ಹೊತ್ತಿಗೆ ಹದಿನಾಲ್ಕು ಮರದ ತುಂಡುಗಳೂ ಅವಳ ಬೀರುವಿನಲ್ಲಿ ಬೀಗದೊಳಗಿದ್ದವು. ಕಿತ್ತುಕೊಟ್ಟವರಲ್ಲಿ ಕೆಲವರು ಮುಖ ತಿರುಗಿಸಿಕೊಂಡೇ ಕೊಟ್ಟಿದ್ದರು. ಅವಳ ಕೋಣೆಯ ಹೊರಗೆ ಸಾಲು ನಿಂತಿತ್ತು. ಗಡಿಯಾರ ಎರಡು ಸಲ ಬಂದು, ಸಾಲಿನಲ್ಲಿ ನಿಂತವರ ಹೆಸರು ನೋಡುವವನಂತೆ ನೋಡಿ ಹೋದ. ಸಾಲು ಸ್ವಲ್ಪ ಅಲುಗಾಡಿತು, ಆದರೆ ಕರಗಲಿಲ್ಲ.

ಹನ್ನೊಂದಕ್ಕೆ ಅವಳ ವಿಭಾಗದ ಗುಮಾಸ್ತೆ ಒಳಗೆ ಬಂದು, ಕುರ್ಚಿ ಹಿಡಿದು ನಿಂತಳು. ಅಳುವುದೋ ನಗುವುದೋ ತಿಳಿಯದ ಮುಖ.

"ಮೇಡಮ್, ಮೇಲಿಂದ ಫೋನ್ ಬಂದಿತ್ತು. ನಿಮಗೆ ಮೆಮೊ ಕೊಡ್ಬೇಕಂತೆ. ಮಧ್ಯಾಹ್ನದೊಳಗೆ."

"ಸರಿ, ಕೊಡಿ."

"ಅದಲ್ಲ ಮೇಡಮ್. ಮೆಮೊ ತಯಾರು ಮಾಡೋದು ಎಚ್‌ಆರ್ ತಾನೇ. ಕರಡು ನೀವು ನೋಡಿ ಒಪ್ಪಿದ ಮೇಲೇ ನಿರ್ದೇಶಕರ ಸಹಿಗೆ ಹೋಗ್ಬೇಕು ಅಂತ ನೀವೇ ಪದ್ಧತಿ ಮಾಡಿದೀರಿ. ಈಗ ಏನು ಮಾಡ್ಲಿ?"

ಟೋಪಿ ಮೇಡಮ್ ಆ ದಿನ ಮೊದಲ ಸಲ ಮನಸಾರೆ ನಕ್ಕಳು. "ಪದ್ಧತಿ ಅಂದ್ಮೇಲೆ ಪದ್ಧತಿ. ಕೂತ್ಕೊಳ್ಳಿ, ನಾನು ಹೇಳ್ತೀನಿ, ಟೈಪ್ ಮಾಡಿ."

ಇಪ್ಪತ್ತು ವರ್ಷದಲ್ಲಿ ಅವಳು ನೂರಾರು ಮೆಮೊ ಬರೆದಿದ್ದಳು. ಆರೋಪ ಅಸ್ಪಷ್ಟವಾಗಿದ್ದರೆ ನಿಲ್ಲುವುದಿಲ್ಲ, ದಿನಾಂಕ ಬೇಕು, ಸಂಖ್ಯೆ ಬೇಕು ಎಂದು ಎಷ್ಟು ಮ್ಯಾನೇಜರುಗಳಿಗೆ ವಾಪಸು ಕಳಿಸಿದ್ದಳೋ. ತನ್ನದರಲ್ಲೂ ಒಂದು ಅಕ್ಷರ ಸಡಿಲ ಬಿಡಲಿಲ್ಲ. ಮುಗಿದ ಮೇಲೆ ತಾನೇ ಹಿಡಿದುಕೊಂಡು ನಿರ್ದೇಶಕರ ಕೋಣೆಗೆ ಹೋದಳು.

ಅವರು ಓದತೊಡಗಿದರು. ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ. ನಿಯಮದ ಪ್ರಕಾರ ಕಳಿಸಲೇಬೇಕಾಗಿದ್ದ ಅಪಘಾತ ವರದಿಯನ್ನು ಯಾರ ಅನುಮತಿಯೂ ಇಲ್ಲದೆ ಕಳಿಸಿದ್ದು. ಬೆರಳು ಕಳೆದುಕೊಂಡು ಆಸ್ಪತ್ರೆಯ ಹಾಸಿಗೆಯಲ್ಲಿದ್ದ ಕಾರ್ಮಿಕನನ್ನು ಪಂಚ್ ಮಾಡಿಸಲು ಹೊರಟ ಕಂಪನಿಯ ವಾಹನವನ್ನು ತಡೆದದ್ದು. ಕಂಪನಿಯ ಬಡಗಿಯಿಂದ ಅಳತೆ ಕೊಟ್ಟು ಮಾಡಿಸಿದ, 1ರಿಂದ 14ರವರೆಗೆ ಸಂಖ್ಯೆ ಹಾಕಿದ ಮರದ ತುಂಡುಗಳನ್ನು ವಶಪಡಿಸಿಕೊಂಡು, ಕಾರ್ಮಿಕರು ಎರಡೂ ಕೈ ಬಳಸುವಂತೆ ಮಾಡಿ ಉತ್ಪಾದನೆ ಕುಗ್ಗಿಸಿದ್ದು. ದಾಖಲಾಗದೆ ಉಳಿದಿದ್ದ ಮೂವತ್ತೊಂದು ಗಾಯಗಳನ್ನು ಗಾಯಾಳುಗಳ ಬಾಯಿಂದಲೇ ಕೇಳಿ ದಾಖಲಿಸಿದ್ದು. ಮೂರು ವರ್ಷ ಈ ಯಾವುದನ್ನೂ ಗಮನಿಸದೆ ಸಂಬಳ ಪಡೆದದ್ದು. ಈ ಕೊನೆಯ ಆರೋಪವನ್ನು ನೌಕರಳು ಒಪ್ಪಿಕೊಂಡಿದ್ದಾಳೆ.

"ಇದಕ್ಕೆ ನಾನು ಸಹಿ ಹಾಕ್ಬೇಕಾ?" ಅಂದರು ನಿರ್ದೇಶಕರು.

"ಹೌದು ಸರ್. ಮೂರು ಪ್ರತಿ ಇದೆ. ಒಂದು ನನಗೆ, ಒಂದು ಕಡತಕ್ಕೆ. ಇನ್ನೊಂದು ತನಿಖಾಧಿಕಾರಿಗಳಿಗೆ. ನನ್ನ ಹುದ್ದೆಯವರಿಗೆ ಮೆಮೊ ಕೊಟ್ರೆ ಅವರಿಗೂ ಕಳಿಸ್ಬೇಕು."

"ಇದನ್ನ ಬೇರೆ ಥರ ಬರೀಬಹುದಿತ್ತಲ್ಲ. 'ಶಿಸ್ತು ಉಲ್ಲಂಘನೆ' ಅಂತ."

"ಯಾವ ಶಿಸ್ತು ಅಂತ ಕೇಳ್ತಾರೆ ಸರ್. ಕಾರಣದ ಜಾಗ ಖಾಲಿ ಬಿಡೋ ಹಾಗಿಲ್ಲ."

ನಿರ್ದೇಶಕರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಏಳು ಕಾರ್ಖಾನೆಯ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ, ಬರುವುದೂ ಇಲ್ಲ ಎಂದು ಅವಳಿಗೆ ಗೊತ್ತಿತ್ತು. ಇದೊಂದು ಕಾರ್ಖಾನೆಯೂ ಎಷ್ಟು ದಿನವೋ. ಗೊತ್ತಿದ್ದೇ ಅವಳು ಎದುರಿನ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

"ಇಟ್ಟು ಹೋಗಿ. ಆಮೇಲೆ ನೋಡ್ತೀನಿ."

"ಇಲ್ಲ ಸರ್, ಕೂತಿರ್ತೀನಿ. ಮಧ್ಯಾಹ್ನದೊಳಗೆ ಆಗ್ಬೇಕು ಅಂದಿದ್ರಂತೆ."

ಅವರು ಹಾಳೆಯನ್ನು ಮತ್ತೆ ಮೇಲಿನಿಂದ ಓದಿದರು. ಸಹಿಯ ಜಾಗದ ಹತ್ತಿರ ಬಂದ ಪೆನ್ನು ಅಲ್ಲೇ, ಕಾಗದದಿಂದ ಒಂದು ಬೆರಳಷ್ಟು ಮೇಲೆ ನಿಂತಿತು.

"ಒಂದ್ನಿಮಿಷ ಸರ್," ಅಂದಳು ಅವಳು, ಮುಂದೆ ಬಾಗಿ. "ನಾಲ್ಕನೇ ಆರೋಪದಲ್ಲಿ ಅಂಕಿ ತಪ್ಪಾಗಿದೆ. ಮೂವತ್ತೊಂದು ಅಂತಿದೆ. ನಾನು ಮೆಟ್ಟಿಲು ಹತ್ತಿ ಬರುವಾಗ ಇನ್ನೂ ಮೂವರು ಸಿಕ್ಕಿ ಹೇಳಿದ್ರು." ಕೈ ಚಾಚಿದಳು. "ಪೆನ್ನು ಕೊಡಿ, ತಿದ್ದಿಕೊಡ್ತೀನಿ."